ನಾಲ್ಕು ದಶಕ ದಾಟಿದರೂ ಒಡೆಯದ ಕಂಠ

ವಿ.ಸಿ. ಫಾರಂ (ಮಂಡ್ಯ): ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ಈ ಊರು ನಾಡಿಗೆ ಪರಿಚಿತವಾಗಿರುವುದು ಭತ್ತ, ಕಬ್ಬಿನ ಸಂಶೋಧನೆಯಿಂದ. ಹಾಡಿನ ಮಾತು ಬಂದಾಗ ಈ ಸೀಮೆಯವರಿಗೆ ನೆನಪಾಗುವವರು ನೀಲಗಾರರು. ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡಿ, ಬೆಳಗಾದರೂ ದನಿ ಉಳಿಸಿಕೊಳ್ಳುವ ವಿದ್ಯೆ ಅವರಿಗೆ ಪರಂಪರೆಯಿಂದ ಬಂದದ್ದು. ಮುಖ್ಯ ಗಾಯಕ ಉಸಿರು ತಿರುಗಿಸಿಕೊಳ್ಳುವಷ್ಟು ಹೊತ್ತು ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಕಂಠವನ್ನು ದಣಿಸದೆ ದುಡಿಸುವ ಈ ಸಮಸ್ಯೆ, ಇದಕ್ಕೆ ಎಳ್ಳಷ್ಟೂ ಸಂಬಂಧವಿಲ್ಲವೆಂದು ತೋರುವ ಹೆವಿ ಮೆಟಲ್ ಸಂಗೀತದಲ್ಲಿಯೂ ಇದೆ. ಅಲ್ಲಿ ಅದನ್ನು ಅತ್ಯಂತ ದೀರ್ಘಕಾಲ ಗೆದ್ದವರಲ್ಲಿ ಇಂಗ್ಲೆಂಡಿನ ಬ್ರೂಸ್ ಡಿಕಿನ್ಸನ್ ಒಬ್ಬರು.

ಕರ್ನಾಟಕಕ್ಕೆ ಈ ದನಿ ಅಪರಿಚಿತವಲ್ಲ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ಭಾರತದ ತನ್ನ ಮೊದಲ ಕಛೇರಿ ನೀಡಿತು. 2009ರ ಫೆಬ್ರವರಿಯಲ್ಲಿ ಅದೇ ಮೈದಾನಕ್ಕೆ ಮರಳಿ ಬಂದಿತು. ಬೆಂಗಳೂರಿನಲ್ಲಿ ಈ ಸಂಗೀತಕ್ಕೆ ಅದಕ್ಕೂ ಮುನ್ನವೇ ಬೇರು ಇತ್ತೆಂಬುದನ್ನು ಮರೆಯಲಾಗದು. 1998ರಲ್ಲಿ ಇಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಏರಿತು. ಅದರ ಗಿಟಾರ್ ವಾದಕ ನೋಲನ್ ಲೂಯಿಸ್ ಅವರೇ ಮುಂದೆ ಮುಖ್ಯ ಗಾಯಕರೂ ಆದರು. ಅವರದು ಗೊಗ್ಗರು ದನಿಯ ಮಾರ್ಗ. ಡಿಕಿನ್ಸನ್ ಅವರದು ತೆರೆದ ಗಂಟಲಿನ ತಾರಸ್ಥಾಯಿ.

1958ರ ಆಗಸ್ಟ್ 7ರಂದು ಇಂಗ್ಲೆಂಡಿನ ವರ್ಕ್‌ಸಾಪ್‌ನಲ್ಲಿ ಜನಿಸಿದ ಡಿಕಿನ್ಸನ್, ಸ್ಯಾಮ್ಸನ್ ಎಂಬ ತಂಡದಲ್ಲಿದ್ದು 1981ರಲ್ಲಿ ಐರನ್ ಮೇಡನ್ ಸೇರಿದರು. ಮರುವರ್ಷ 'ದಿ ನಂಬರ್ ಆಫ್ ದಿ ಬೀಸ್ಟ್' ಧ್ವನಿಮುದ್ರಣದ ವೇಳೆ ನಿರ್ಮಾಪಕ ಮಾರ್ಟಿನ್ ಬರ್ಚ್ ಅವರು ಶೀರ್ಷಿಕೆ ಗೀತೆಯ ಆರಂಭದ ಸಾಲುಗಳನ್ನೇ ಗಂಟೆಗಟ್ಟಲೆ ಮತ್ತೆ ಮತ್ತೆ ಹಾಡಿಸಿದರಂತೆ. ಆ ಹತಾಶೆಯೇ ಹಾಡಿನ ಪ್ರಸಿದ್ಧ ಚೀತ್ಕಾರವಾಗಿ ಹೊಮ್ಮಿತೆಂದು ಡಿಕಿನ್ಸನ್ ಅವರೇ ಹೇಳಿಕೊಂಡಿದ್ದಾರೆ. ಗುರುಕುಲದ ಕಾಠಿಣ್ಯ ಸ್ಟುಡಿಯೋದಲ್ಲಿಯೂ ಇರುತ್ತದೆ ಎನ್ನೋಣ.

ಕೇಳುವವರಿಗೆ ಇದು ಬರಿಯ ಅರಚಾಟವೆನಿಸಬಹುದು. ಅರಚಾಟವೇ ಆಗಿದ್ದರೆ ಗಂಟಲು ಕೆಲವೇ ವರ್ಷಗಳಲ್ಲಿ ಕೈಕೊಡುತ್ತಿತ್ತು. ಗಂಡಸಿನ ಮಾತಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಕಂಪಿಸಿದರೆ, ಎತ್ತರದ ಸ್ವರದಲ್ಲಿ ಅವು ನಾನೂರಕ್ಕೂ ಹೆಚ್ಚು ಬಾರಿ ಒಂದಕ್ಕೊಂದು ತಾಗುತ್ತವೆ. ಗಂಟಲನ್ನು ಬಿಗಿದು ಒತ್ತಡ ಹೇರಿದರೆ ತಂತುಗಳು ಬಾವು ಬಂದು, ಕ್ರಮೇಣ ಗಂಟುಕಟ್ಟುತ್ತವೆ. ಬಾಳುವ ಗಾಯಕ ಆ ಬಲವನ್ನು ಹೊಟ್ಟೆ, ಪಕ್ಕೆಗಳ ಸ್ನಾಯುಗಳಿಂದ ಹತೋಟಿಯಲ್ಲಿಟ್ಟ ಉಸಿರಿಗೆ ವಹಿಸುತ್ತಾನೆ. ಬಾಯಿ ಮತ್ತು ಗಂಟಲಿನ ಪೊಳ್ಳನ್ನು ತೆರೆದು ನಾದವನ್ನು ಹಿಗ್ಗಿಸುತ್ತಾನೆ. ಈ ಕೆಲಸದಲ್ಲಿ ನಾಲಿಗೆಯ ಬುಡದ ಪಾತ್ರ ದೊಡ್ಡದು. ಐರನ್ ಮೇಡನ್ ಹಾಡುಗಳ ನಡುವೆ ಬರುವ ದೀರ್ಘ ಗಿಟಾರ್ ಭಾಗಗಳು ಗಾಯಕನಿಗೆ ನೀಲಗಾರರ ಹಿಮ್ಮೇಳದಂತೆಯೇ ಒದಗುತ್ತವೆ.

1993ರಲ್ಲಿ ಡಿಕಿನ್ಸನ್ ತಂಡ ತೊರೆದರು. ಅವರ ಸ್ಥಾನಕ್ಕೆ ಬಂದ ಬ್ಲೇಜ್ ಬೇಯ್ಲಿ ಒಳ್ಳೆಯ ಗಾಯಕರೇ. ಆದರೆ ಅವರದು ಕೆಳಸ್ಥಾಯಿಯ ದನಿ. ಬೇರೊಬ್ಬರ ಕಂಠದ ಅಳತೆಗೆ ಹೊಲಿದ ಹಾಡುಗಳನ್ನು ರಾತ್ರಿ ರಾತ್ರಿ ಹಾಡುವ ಹೊರೆ ಅವರ ಮೇಲೆ ಬಿತ್ತು. 1999ರಲ್ಲಿ ಡಿಕಿನ್ಸನ್ ಮರಳಿದರು. ವಿಮಾನ ಚಾಲನೆ ಕಲಿತ ಅವರು ಪ್ರಯಾಣಿಕ ವಿಮಾನಗಳ ಪೈಲಟ್ ಕೂಡ ಆದರು. 2008ರ ವಿಶ್ವಸಂಚಾರದಲ್ಲಿ ತಂಡವನ್ನು ಹೊತ್ತ ಬೋಯಿಂಗ್ 757 ವಿಮಾನವನ್ನು ಅವರೇ ಚಲಾಯಿಸಿದರು. ಆ ಸಂಚಾರದ ಮೊದಲ ಕಛೇರಿ ನಡೆದದ್ದು ಮುಂಬಯಿಯಲ್ಲಿ.

ನಿಜವಾದ ಪರೀಕ್ಷೆ ಎದುರಾದದ್ದು 2014ರ ಕೊನೆಯಲ್ಲಿ. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಯಿತು. ಆಗ ಅವರಿಗೆ 56 ವರ್ಷ. 'ದಿ ಬುಕ್ ಆಫ್ ಸೋಲ್ಸ್' ಮುದ್ರಿಕೆಯ ಹಾಡುಗಳನ್ನು ಅವರು ಗಡ್ಡೆ ಇದ್ದಾಗಲೇ, ಅದರ ಅರಿವಿಲ್ಲದೆ ಹಾಡಿ ಮುಗಿಸಿದ್ದರು. ನಮ್ಮಲ್ಲಿ ಬಾಯಿ ಕ್ಯಾನ್ಸರ್ ಎಂದೊಡನೆ ತಂಬಾಕಿನ ಕಡೆ ಬೆರಳು ಹೋಗುತ್ತದೆ, ಅದು ಸಹಜವೂ ಹೌದು. ಡಿಕಿನ್ಸನ್ ಅವರ ಪ್ರಕರಣದಲ್ಲಿ ಕಾರಣವಾದದ್ದು ಎಚ್‌ಪಿವಿ ವೈರಾಣು. ಗಂಡಸರೂ ಈ ಬಗ್ಗೆ ತಿಳಿಯಬೇಕೆಂದು ಅವರು ಬಹಿರಂಗವಾಗಿ ಮಾತನಾಡಿದರು.

33 ಬಾರಿ ವಿಕಿರಣ ಚಿಕಿತ್ಸೆ, ಜೊತೆಗೆ ಕೀಮೋಥೆರಪಿ. ಇಂಥ ವಿಕಿರಣ ಗಡ್ಡೆಯನ್ನು ಕರಗಿಸುವುದರೊಂದಿಗೆ ಜೊಲ್ಲು ಗ್ರಂಥಿಗಳನ್ನೂ ಒಣಗಿಸುತ್ತದೆ. ಗಂಟಲು ಒಣಗಿದ ಗಾಯಕನ ಪಾಡು ನೀರಿಲ್ಲದ ನಾಲೆಯ ಬಯಲಿನಂತೆ. 2015ರ ಮೇ ತಿಂಗಳಲ್ಲಿ ವೈದ್ಯರು ರೋಗಮುಕ್ತರೆಂದು ಘೋಷಿಸಿದರೂ, ಜೀವ ಉಳಿದಂತೆ ದನಿಯೂ ಉಳಿದೀತೆ ಎಂಬುದು ಬೇರೆಯೇ ಪ್ರಶ್ನೆಯಾಗಿತ್ತು. ತಂಡ ಸಂಚಾರವನ್ನು ಮರುವರ್ಷಕ್ಕೆ ಮುಂದೂಡಿತು. 2016ರಲ್ಲಿ ಡಿಕಿನ್ಸನ್ ಬೋಯಿಂಗ್ 747 ಹಾರಿಸುವ ಅರ್ಹತೆ ಪಡೆದು, ಆ ವಿಮಾನದಲ್ಲಿಯೇ ತಂಡವನ್ನು ಕೂರಿಸಿಕೊಂಡು ಹೊರಟರು.

2024ರಲ್ಲಿ ಅವರ ಸ್ವಂತ ಮುದ್ರಿಕೆ 'ದಿ ಮ್ಯಾಂಡ್ರೇಕ್ ಪ್ರಾಜೆಕ್ಟ್' ಹೊರಬಂತು. 2025ರ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಆರಂಭವಾದ ಐರನ್ ಮೇಡನ್ ಸಂಚಾರಕ್ಕೆ ತಂಡ ಆಯ್ದುಕೊಂಡದ್ದು ತನ್ನ ಆರಂಭದ ಕಾಲದ ಹಾಡುಗಳನ್ನೇ. ಇಪ್ಪತ್ತಮೂರರ ಹರೆಯದಲ್ಲಿ ತಮ್ಮ ಕಂಠಕ್ಕೆ ಕೂರಿಸಿಕೊಂಡಿದ್ದ ಆ ಎತ್ತರದ ಸ್ವರಗಳನ್ನು ಡಿಕಿನ್ಸನ್ ಅಂದು ಅರವತ್ತಾರರಲ್ಲಿ ಹಾಡಿದರು.