ಮೊದಲ ಸ್ಥಾನ ಯಾರ ಕಣ್ಣಿಗೆ?

ಅಮೆರಿಕದ ಟೆಲಿಫೋನ್ ಡೈರೆಕ್ಟರಿಗಳ ಹಳದಿ ಪುಟಗಳಲ್ಲಿ ಒಂದು ಕಾಲಕ್ಕೆ 'ಎಎಎ' ಎಂದು ಶುರುವಾಗುವ ಕಂಪನಿಗಳಿಗೆ ಬರವಿರಲಿಲ್ಲ. ನಲ್ಲಿ ರಿಪೇರಿಯವನು, ಬೀಗ ತೆಗೆಯುವವನು, ಸಾಮಾನು ಸಾಗಿಸುವವನು ಎಲ್ಲರಿಗೂ ತಮ್ಮ ಹೆಸರು ಅಕ್ಷರಾನುಕ್ರಮದಲ್ಲಿ ಮುಂದೆ ಬರಬೇಕೆಂಬ ಹಂಬಲ. ಪುಟ ತೆರೆದವನ ಕಣ್ಣು ಬೀಳುವುದು ಮೇಲಿನ ಸಾಲಿನ ಮೇಲೆ. ತಳದವರೆಗೆ ಓದುವ ವ್ಯವಧಾನ ಯಾರಿಗಿದೆ? 1994ರಲ್ಲಿ ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೊ ಶುರುಮಾಡಿದ ಯಾಹೂ ಡೈರೆಕ್ಟರಿಯಲ್ಲಿಯೂ ಜಾಲತಾಣಗಳು ಅಕ್ಷರಾನುಕ್ರಮದಲ್ಲಿದ್ದುದರಿಂದ ಇದೇ ಉಪಾಯ ಅಲ್ಲಿಯೂ ನಡೆಯಿತು. ಮುಂದೆ ಸರ್ಚ್ ಎಂಜಿನ್ ಆಪ್ಟಿಮೈಸೇಷನ್, ಚುಟುಕಾಗಿ ಎಸ್‌ಇಒ, ಎಂದು ಹೆಸರಾದ ಕಸುಬಿನ ಬೇರು ಇಲ್ಲಿದೆ ಎನ್ನಬಹುದು. ಗಿರಾಕಿಯ ತಾಣವನ್ನು ಹುಡುಕಾಟದ ಫಲಿತಾಂಶಗಳ ಪಟ್ಟಿಯಲ್ಲಿ ಮೇಲಕ್ಕೆ ತರುವುದೇ ಈ ಕಸುಬು.

ಇಡೀ ಕಸುಬು ನಿಂತಿದ್ದು ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯ ಮೇಲೆ. ಪಟ್ಟಿ ಒಂದೇ, ಅದು ಎಲ್ಲರಿಗೂ ಒಂದೇ ರೀತಿ ಕಾಣುತ್ತದೆ ಎಂಬುದು ಆ ನಂಬಿಕೆ. ಅಚ್ಚಾದ ಡೈರೆಕ್ಟರಿಯ ಮಟ್ಟಿಗೆ ಅದು ನಿಜವೂ ಆಗಿತ್ತು.

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ ಕಂಪನಿ ಸ್ಥಾಪಿಸಿದರು. ಒಂದು ಪುಟದ ಕಡೆಗೆ ಬೇರೆ ಪುಟಗಳಿಂದ ಎಷ್ಟು ಕೊಂಡಿಗಳಿವೆ, ಕೊಂಡಿ ಕೊಟ್ಟ ಪುಟಗಳ ಯೋಗ್ಯತೆ ಎಂಥದು ಎಂದು ಅವರ ವಿಧಾನ ಲೆಕ್ಕ ಹಾಕುತ್ತಿತ್ತು. ನಾಲ್ಕು ಜನ ಹಿರಿಯರು ಹೌದೆಂದವನನ್ನು ಊರೆಲ್ಲ ಹೌದೆನ್ನುವ ಹಾಗೆ. ಕಸುಬುದಾರರು ತಡಮಾಡದೆ ಕೊಂಡಿಗಳನ್ನು ಬೇಡತೊಡಗಿದರು, ಕೊಳ್ಳತೊಡಗಿದರು. ಅಮೆರಿಕದ ದೊಡ್ಡ ಮಳಿಗೆ ಜೆ.ಸಿ. ಪೆನ್ನಿಯ ತಾಣಕ್ಕೆ ಏನೇನೂ ಸಂಬಂಧವಿಲ್ಲದ ಸಾವಿರಾರು ಪುಟಗಳಿಂದ ಕೊಂಡಿಗಳಿದ್ದುದನ್ನು 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ತನಗೇನೂ ಗೊತ್ತಿಲ್ಲವೆಂದ ಮಳಿಗೆ, ಎಸ್‌ಇಒ ಕಂಪನಿಯನ್ನು ಕೆಲಸದಿಂದ ಬಿಡಿಸಿತು. ಗೂಗಲ್ ಅದರ ತಾಣವನ್ನು ಪಟ್ಟಿಯಲ್ಲಿ ಕೆಳಕ್ಕೆ ತಳ್ಳಿತು. ಎಲ್ಲರೂ ಜಗಳವಾಡಿದ್ದು ಮೊದಲ ಸ್ಥಾನದ ಬಗೆಗೆ. ವಿಚಿತ್ರವೆಂದರೆ, ಎಲ್ಲರಿಗೂ ಒಂದೇ ಆದ ಮೊದಲ ಸ್ಥಾನವೆಂಬುದು ಅಷ್ಟು ಹೊತ್ತಿಗಾಗಲೇ ಒಡೆಯತೊಡಗಿತ್ತು.

ಖಾತೆ ತೆರೆದು ಒಳಗೆ ಬಂದ ಬಳಕೆದಾರರಿಗೆ ಅವರ ಹಿಂದಿನ ಹುಡುಕಾಟಗಳನ್ನು ನೋಡಿ ಫಲಿತಾಂಶ ಜೋಡಿಸಿ ಕೊಡುವ ವ್ಯವಸ್ಥೆಯನ್ನು ಗೂಗಲ್ 2005ರಲ್ಲಿ ತಂದಿತ್ತು. 2009ರ ಡಿಸೆಂಬರ್ 4ರಂದು ಅದನ್ನು ಖಾತೆ ಇಲ್ಲದವರಿಗೂ ವಿಸ್ತರಿಸಿತು. ಬ್ರೌಸರಿನಲ್ಲಿ ಉಳಿಯುವ ಕುಕಿ ಎಂಬ ಪುಟ್ಟ ಗುರುತಿನ ಮೂಲಕ 180 ದಿನಗಳ ಹುಡುಕಾಟದ ಜಾಡು ಹಿಡಿಯಲಾಗುತ್ತಿತ್ತು. ಅಡುಗೆ ವಿಧಾನ ಹುಡುಕುವಾಗಲೆಲ್ಲ ಒಬ್ಬರು ಒಂದೇ ತಾಣಕ್ಕೆ ಹೋಗುತ್ತಿದ್ದರೆ, ಮುಂದಿನ ಸಲ ಅವರ ಪಟ್ಟಿಯಲ್ಲಿ ಆ ತಾಣ ಮೇಲೇರಬಹುದು. ಪಕ್ಕದ ಮನೆಯವರ ಪಟ್ಟಿಯಲ್ಲಿ ಅದು ಇದ್ದಲ್ಲೇ ಇರುತ್ತದೆ.

ಇದರಿಂದ ಮೊದಲು ಮೋಸಹೋದವನು ತಾಣದ ಮಾಲೀಕನೇ. ದಿನಕ್ಕೆ ಹತ್ತು ಬಾರಿ ತನ್ನ ಅಂಗಡಿಯ ಹೆಸರು ಹುಡುಕಿ ತನ್ನ ತಾಣವನ್ನೇ ಒತ್ತುವವನು ಯಂತ್ರಕ್ಕೆ ತನ್ನ ರುಚಿಯನ್ನು ತಾನೇ ಕಲಿಸಿಕೊಡುತ್ತಾನೆ. ಕೆಲವೇ ದಿನಗಳಲ್ಲಿ ಅವನ ಕಂಪ್ಯೂಟರಿನಲ್ಲಿ ಅವನ ಅಂಗಡಿ ಮೇಲೆ ಬಂದು ಕೂರುತ್ತದೆ. ಗಿರಾಕಿಗಳ ಕಂಪ್ಯೂಟರಿನಲ್ಲಿ ಕೂರುವುದಿಲ್ಲ. ಕನ್ನಡಿ ನೋಡಿಕೊಂಡು ಊರೆಲ್ಲ ತನ್ನನ್ನೇ ನೋಡುತ್ತಿದೆ ಎಂದುಕೊಂಡಂತೆ. ಅಪ್ರಾಮಾಣಿಕ ಎಸ್‌ಇಒದವನಿಗೆ ಇದು ಹಬ್ಬ. ಪ್ರಾಮಾಣಿಕನ ಪಾಡು ಬೇರೆ. ಅವನ ವರದಿಯಲ್ಲಿ ಮೂರನೆಯ ಸ್ಥಾನ, ಗಿರಾಕಿಯ ಭಾವಮೈದುನನ ಫೋನಿನಲ್ಲಿ ಒಂಬತ್ತನೆಯದು. ಯಾವುದು ಸುಳ್ಳು? ಎರಡೂ ನಿಜ. ಆದರೆ ತಿಂಗಳ ಹಣ ಕೇಳಲು ಹೋದಾಗ ಇದನ್ನು ವಿವರಿಸುವುದು ಸುಲಭವಲ್ಲ.

ಕಸುಬುದಾರರು ಜಾಡು ಉಳಿಯದ ಖಾಸಗಿ ಕಿಟಕಿಯಲ್ಲಿ ಹುಡುಕತೊಡಗಿದರು. ಗೂಗಲ್ ವಿಳಾಸದ ಕೊನೆಗೆ 'ಪಿಡಬ್ಲ್ಯುಎಸ್=0' ಎಂದು ಸೇರಿಸಿದರೆ ವೈಯಕ್ತಿಕ ಜೋಡಣೆ ನಿಲ್ಲುತ್ತದೆ ಎಂಬ ಮಂತ್ರವೂ ಬಾಯಿಂದ ಬಾಯಿಗೆ ಹರಡಿತು. ಹುಡುಕುವವನು ಕುಳಿತ ಊರನ್ನು ಮಾತ್ರ ಇವು ಯಾವುವೂ ಮುಚ್ಚಿಡಲಾರವು.

ಈ ನಡುವೆ ಎಲಿ ಪ್ಯಾರಿಸರ್ ಅವರ 'ದಿ ಫಿಲ್ಟರ್ ಬಬಲ್' ಪುಸ್ತಕ 2011ರಲ್ಲಿ ಪ್ರಕಟವಾಯಿತು. ಮೆಕ್ಸಿಕೊ ಕೊಲ್ಲಿಯ ತೈಲ ಸೋರಿಕೆಯ ದಿನಗಳಲ್ಲಿ 'ಬಿಪಿ' ಎಂದು ಹುಡುಕಿದ ಇಬ್ಬರು ಗೆಳತಿಯರಲ್ಲಿ ಒಬ್ಬರಿಗೆ ಹೂಡಿಕೆಯ ಮಾಹಿತಿ, ಇನ್ನೊಬ್ಬರಿಗೆ ಸೋರಿಕೆಯ ಸುದ್ದಿ ಕಂಡಿತೆಂದು ಪ್ಯಾರಿಸರ್ ಬರೆದರು. ಪ್ರತಿಯೊಬ್ಬರಿಗೂ ಪ್ರತ್ಯೇಕ ಜಗತ್ತು ಸಿದ್ಧವಾಗುತ್ತಿದೆ ಎಂಬ ಭಯ ಹಬ್ಬಿತು. ಅಳೆದು ನೋಡಿದಾಗ ಚಿತ್ರ ಅಷ್ಟು ಕಡುವಾಗಿರಲಿಲ್ಲ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವೈಯಕ್ತೀಕರಣದಿಂದ ಬದಲಾದದ್ದು ಸರಾಸರಿ ಶೇ 11.7ರಷ್ಟು ಫಲಿತಾಂಶಗಳು. ಅದಕ್ಕೂ ಮುಖ್ಯ ಕಾರಣ ಬಳಕೆದಾರ ಖಾತೆಯೊಳಗೆ ಇದ್ದಾನೆಯೇ ಮತ್ತು ಯಾವ ಜಾಗದಿಂದ ಹುಡುಕುತ್ತಿದ್ದಾನೆ ಎಂಬುದು. 2018ರಲ್ಲಿ ಪ್ರತಿಸ್ಪರ್ಧಿ ಡಕ್‌ಡಕ್‌ಗೋ ತನ್ನ ಅಧ್ಯಯನವೊಂದನ್ನು ಮುಂದಿಟ್ಟು, ಖಾಸಗಿ ಕಿಟಕಿಯಲ್ಲಿಯೂ ಗೂಗಲ್ ಒಬ್ಬೊಬ್ಬರಿಗೆ ಒಂದೊಂದು ತೋರಿಸುತ್ತದೆ ಎಂದಿತು. ಅತಿಯಾದ ವೈಯಕ್ತೀಕರಣವೆಂಬುದು ಕಟ್ಟುಕತೆ ಎಂದು ಗೂಗಲ್ ಉತ್ತರಿಸಿತು. ಇಬ್ಬರಿಗೂ ಅವರವರ ವ್ಯಾಪಾರವಿದೆ ಎಂಬುದನ್ನು ನೆನಪಿನಲ್ಲಿಟ್ಟೇ ಎರಡನ್ನೂ ಓದಬೇಕು.

ಒಟ್ಟಿನಲ್ಲಿ ಕಸುಬುದಾರರು ಹೆದರಿದ್ದು ಮನುಷ್ಯನ ಅಭಿರುಚಿಗೆ, ಹೊಡೆತ ಬಿದ್ದದ್ದು ಅವನು ನಿಂತ ಜಾಗದಿಂದ. ಬೆಂಗಳೂರಿನ ಜಯನಗರದಲ್ಲಿ 'ಹಲ್ಲಿನ ಡಾಕ್ಟರ್' ಎಂದು ಹುಡುಕಿದವರಿಗೂ ಮಲ್ಲೇಶ್ವರದಲ್ಲಿ ಹುಡುಕಿದವರಿಗೂ ಒಂದೇ ಆಸ್ಪತ್ರೆ ತೋರಿಸಿದರೆ ಏನು ಪ್ರಯೋಜನ? ಸ್ಥಳೀಯ ಫಲಿತಾಂಶಗಳನ್ನು ಮುಖ್ಯವಾಗಿ ಪ್ರಸ್ತುತತೆ, ದೂರ ಮತ್ತು ಪ್ರಸಿದ್ಧಿ ನೋಡಿ ಜೋಡಿಸುವುದಾಗಿ ಗೂಗಲ್ ತಾನೇ ಹೇಳುತ್ತದೆ. ಇವುಗಳಲ್ಲಿ ದೂರವನ್ನು ಯಾವ ಎಸ್‌ಇಒ ಪಂಡಿತನೂ ಕಡಿಮೆ ಮಾಡಲಾರ. ಹೀಗಾಗಿ ಒಂದು ಅಂಗಡಿಯ ಸ್ಥಾನವನ್ನು ಈಗ ಒಂದೇ ಅಂಕಿಯಿಂದ ಹೇಳದೆ, ಊರಿನ ನಕ್ಷೆಯನ್ನು ಚೌಕ ಚೌಕವಾಗಿ ಕತ್ತರಿಸಿ ಪ್ರತಿ ಚೌಕಕ್ಕೂ ಒಂದು ಅಂಕಿ ಬರೆದು ಕೊಡುವ ತಂತ್ರಾಂಶಗಳಿವೆ. ಬಾಗಿಲ ಬಳಿ 1, ಎರಡು ಬಡಾವಣೆ ದಾಟಿದರೆ 6, ಊರಾಚೆ 20.

ಗೂಗಲ್ ತಾಣದ ಮಾಲೀಕರಿಗೆ ಕೊಡುವ ಸರ್ಚ್ ಕನ್ಸೋಲ್ ವರದಿಯಲ್ಲಿರುವುದೂ 'ಸರಾಸರಿ ಸ್ಥಾನ'ವೇ. ಒಬ್ಬರಿಗೆ 1ನೇ ಸ್ಥಾನದಲ್ಲಿ, ಇನ್ನೊಬ್ಬರಿಗೆ 19ನೇ ಸ್ಥಾನದಲ್ಲಿ ಕಂಡ ತಾಣದ ಸರಾಸರಿ 10. ಆದರೆ 10ನೇ ಸ್ಥಾನದಲ್ಲಿ ಅದನ್ನು ಕಂಡವರು ಯಾರೂ ಇಲ್ಲ! ಯಾವ ಪದ ಹುಡುಕಿ ಯಾರು ಬಂದರು ಎಂದು ತಾಣದವರಿಗೆ ಒಬ್ಬೊಬ್ಬರ ಲೆಕ್ಕದಲ್ಲಿ ತಿಳಿಯುವ ದಾರಿಯೂ ಮುಚ್ಚಿದೆ. 2011ರಿಂದ ಖಾತೆಯಲ್ಲಿದ್ದವರಿಗೆ, 2013ರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗೂಗಲ್ ಹುಡುಕಾಟವನ್ನು ಗೂಢಲಿಪಿಗೆ ಬದಲಾಯಿಸಿದ್ದು ಇದಕ್ಕೆ ಕಾರಣ.

ಇಷ್ಟಾದರೂ 'ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ' ಎಂಬ ಜಾಹೀರಾತುಗಳು ನಿಂತಿಲ್ಲ. ಅಂಥ ಭರವಸೆಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾಣದ ಮಾಲೀಕರನ್ನು ಎಚ್ಚರಿಸಿದೆ. ಹೊಸದಾಗಿ ಅಂಗಡಿ ಇಟ್ಟವನು ಸಾಲದ ಹಣದಿಂದ ಇಂಥ ಒಪ್ಪಂದಕ್ಕೆ ರುಜು ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳ: ಯಾವ ಪದಕ್ಕೆ, ಯಾವ ಭಾಷೆಯಲ್ಲಿ, ಯಾವ ಬೀದಿಯಲ್ಲಿ ನಿಂತವನ ಫೋನಿನಲ್ಲಿ? ಅವನ ಹೆಸರನ್ನೇ ಹುಡುಕಿದಾಗ ಮೊದಲು ಬಂದರೆ ಅದು ದೊಡ್ಡ ಸಾಧನೆಯಲ್ಲ. ತಿಳಿವಳಿಕೆಯುಳ್ಳ ಕಸುಬುದಾರರು ಸ್ಥಾನದ ಮಾತು ಬಿಟ್ಟು, ತಾಣದ ಮೂಲಕ ಎಷ್ಟು ಫೋನ್ ಕರೆ ಬಂದವು, ಎಷ್ಟು ಆರ್ಡರ್ ಬಂದವು ಎಂಬ ಲೆಕ್ಕಕ್ಕೆ ಹೊರಳಿದ್ದಾರೆ. ಅಂಗಡಿಯ ವೇಳೆ, ವಿಳಾಸ, ಗಿರಾಕಿಗಳ ಅಭಿಪ್ರಾಯ, ಜನ ಕೇಳುವ ಪ್ರಶ್ನೆಗೆ ನೇರ ಉತ್ತರ, ಇಷ್ಟನ್ನು ಒಪ್ಪವಾಗಿಡುವುದು ಇಂದು ಅವರ ಕೆಲಸದ ದೊಡ್ಡ ಭಾಗ.

2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ ಗೂಗಲ್ ಕೃತಕ ಬುದ್ಧಿಮತ್ತೆ ಬರೆದ ಉತ್ತರವನ್ನು ಅನೇಕ ಹುಡುಕಾಟಗಳಲ್ಲಿ ಪಟ್ಟಿಯ ಮೇಲ್ಭಾಗದಲ್ಲಿ ತೋರಿಸತೊಡಗಿತು. ಅಲ್ಲಿ ಹತ್ತು ಸಾಲುಗಳ ಬದಲು ಒಂದು ಬರಹ, ಅದರ ಬದಿಯಲ್ಲಿ ಕೆಲವು ಕೊಂಡಿಗಳು. ಆ ಕೊಂಡಿಗಳಲ್ಲಿ ಒಂದಾಗುವುದು ಹೇಗೆಂದು ಕಲಿಸುತ್ತೇವೆ ಎನ್ನುವ ಜಾಹೀರಾತುಗಳೂ ಆಗಲೇ ಬಂದಿವೆ.