ಅಜ್ಜಿಯ ಕಥೆಯೊಳಗಿನ ಕತ್ತಲೆ

ಹಳೆಯ ಜನಪದ ಕಥೆಯೊಂದನ್ನು ಎತ್ತಿಕೊಂಡು, ಅದರಲ್ಲಿರುವ ಭಯ, ಕಾಮ, ಕ್ರೌರ್ಯಗಳನ್ನು ಮರೆಮಾಚದೆ ಹೊಸದಾಗಿ ಹೇಳುವ ಬರವಣಿಗೆಗೆ ಇಂದು ‘ಡಾರ್ಕ್ ಫ್ಯಾಂಟಸಿ’ ಎಂಬ ಹೆಸರು ಬಳಕೆಯಲ್ಲಿದೆ. ಈ ಕತ್ತಲೆಯನ್ನು ಆಧುನಿಕ ಲೇಖಕರೇ ತಂದು ಸೇರಿಸಿದರೆಂಬ ಭಾವನೆ ಮಾತ್ರ ಸರಿಯಲ್ಲ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಮೊದಲ ಆವೃತ್ತಿಯಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿಯನ್ನಾಗಿ ಬದಲಿಸಲಾಯಿತು.

ಹಳೆಯ ಕಥೆಯೊಳಗೇ ಕತ್ತಲೆಯಿದೆ ಎಂಬ ಮಾತು ಕರ್ನಾಟಕದ ವಿಜಯಪುರ ಸೀಮೆಗೂ ಹೊಸದಲ್ಲ. ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿರುವ ಮಮದಾಪುರದಂಥ ಊರುಗಳಲ್ಲಿ, ನೀರಿಗಾಗಿ ಹಂಬಲಿಸುವ ಈ ಬಯಲುಸೀಮೆಯಲ್ಲಿ, ‘ಕೆರೆಗೆ ಹಾರ’ವೆಂಬ ಕಥನಗೀತೆಯ ಭೀಕರತೆ ಯಾರಿಗೂ ವಿವರಿಸಿ ಹೇಳಬೇಕಾದುದಲ್ಲ: ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡಲು ಮನೆಯವರೇ ನಿಶ್ಚಯಿಸುತ್ತಾರೆ, ಸುದ್ದಿ ತಿಳಿದ ಗಂಡ ಅದೇ ಕೆರೆಗೆ ಹಾರಿ ಪ್ರಾಣ ಬಿಡುತ್ತಾನೆ. ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಪದಗಳನ್ನು ಕೂಡಿಸಿ, 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು.

ಇಂಥ ಕಥೆಯನ್ನು ಕನ್ನಡದಲ್ಲಿ ಮರುಕಥನಗೊಳಿಸಿದ, ಅಂದರೆ ಮೂಲದ ಎಲುಬನ್ನು ಉಳಿಸಿಕೊಂಡು ಬೇರೆ ಅರ್ಥ ಹೊಮ್ಮುವಂತೆ ಹೇಳಿದ, ಕೃತಿಗಳಲ್ಲಿ ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ಮುಖ್ಯವಾದುದು. ಅದೊಂದು ನಾಟಕ. ಅದರ ಬೀಜ ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ನರಿಂದ ಕಾರ್ನಾಡರು ಕೇಳಿದ ಎರಡು ಜನಪದ ಕಥೆಗಳು. ಗಂಡ ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಅವನನ್ನು ಒಲಿಸಿಕೊಳ್ಳಲೆಂದು ಕುರುಡಿ ಮುದುಕಿ ಕುರುಡವ್ವ ಕೊಟ್ಟ ಬೇರನ್ನು ಅರೆದು ಬೆರೆಸಿದ ಸಾರು ಹುತ್ತದ ಪಾಲಾಗಿ, ಅದನ್ನು ಕುಡಿದ ನಾಗ ಅಪ್ಪಣ್ಣನ ರೂಪದಲ್ಲಿ ರಾತ್ರಿ ರಾಣಿಯ ಬಳಿಗೆ ಬರತೊಡಗುತ್ತಾನೆ. ಅವಳು ಬಸುರಿಯಾದಾಗ ಗಂಡ ಊರ ಹಿರಿಯರ ಮುಂದೆ ದೂರು ತರುತ್ತಾನೆ. ಹುತ್ತದೊಳಗಿನ ಹಾವನ್ನು ಕೈಯಲ್ಲಿ ಹಿಡಿದು, ಗಂಡ ಮತ್ತು ಈ ನಾಗನ ಹೊರತು ಬೇರೆ ಗಂಡಸನ್ನು ಮುಟ್ಟಿಲ್ಲವೆಂದು ಅವಳು ಆಣೆ ಇಡುತ್ತಾಳೆ. ಆಣೆ ಅಕ್ಷರಶಃ ನಿಜ, ಆದುದರಿಂದಲೇ ಅದು ಬೆಚ್ಚಿಬೀಳಿಸುತ್ತದೆ. ಊರು ಅವಳನ್ನು ದೇವಿಯೆಂದು ಪೂಜಿಸುತ್ತದೆ, ಆದರೆ ರಾತ್ರಿಯ ಪ್ರಿಯನೂ ಹಗಲಿನ ಗಂಡನೂ ಒಬ್ಬನೇ ಅಲ್ಲವೆಂಬುದು ಅವಳಿಗೆ ಯಾವಾಗ ತಿಳಿಯಿತು ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ನಾಟಕದ ನಡುವೆ ಇಟ್ಟದ್ದೇ ಕಾರ್ನಾಡರ ದೊಡ್ಡ ಸಾಧನೆ. ನಾಟಕಕ್ಕೆ ಎರಡು ಮುಕ್ತಾಯಗಳಿವೆ: ನಾಗ ಅವಳ ಕೂದಲಿಗೆ ಸುತ್ತಿಕೊಂಡು ಸಾಯುವುದು ಒಂದು, ಅವಳ ಜಡೆಯಲ್ಲೇ ಬದುಕಿ ಉಳಿಯುವುದು ಇನ್ನೊಂದು. ಎರಡನೆಯದರಲ್ಲಿ ಅವಳು ತಿಳಿದೇ ಅವನಿಗೆ ಆಶ್ರಯ ಕೊಡುತ್ತಾಳೆ. 1997ರಲ್ಲಿ ಟಿ. ಎಸ್. ನಾಗಾಭರಣರು ಈ ನಾಟಕವನ್ನು ಚಲನಚಿತ್ರವಾಗಿಸಿದರು.

ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ ನಾಟಕವೂ ಇದೇ ಬಳ್ಳಿಯದು: ಅಲ್ಲಿ ರಾಜಕುಮಾರನ ದೇಹವೇ ಎರಡು ಹೋಳಾಗಿ, ಒಂದು ಪಾಲಿನಿಂದ ಹಾವು ಹುಟ್ಟುತ್ತದೆ. ಅದಕ್ಕೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಯೊಂದರಲ್ಲಿ ಹೂಮರವಾಗಬಲ್ಲ ಹುಡುಗಿಯ ಕೊಂಬೆರೆಂಬೆಗಳನ್ನು ನಾದಿನಿಯೂ ಅವಳ ಗೆಳತಿಯರೂ ಮುರಿದುಹಾಕಿ, ಕೈಕಾಲಿಲ್ಲದ ಮುಂಡವಾಗಿ ಬಿಟ್ಟು ಹೋಗುತ್ತಾರೆ. ಆ ಕಥೆಯನ್ನು ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ 2006ರಲ್ಲಿ ಸಂಗೀತನಾಟಕವಾಗಿಸಿದರು.

ಹೇಳದೆ ಮುಚ್ಚಿಟ್ಟ ಕಥೆ ಇಟ್ಟುಕೊಂಡವರ ಮೇಲೆ ಸೇಡು ತೀರಿಸಿಕೊಳ್ಳುತ್ತದೆಂಬ ಜನಪದ ನಂಬಿಕೆ ‘ನಾಗಮಂಡಲ’ದ ಆರಂಭದಲ್ಲೇ ಇದೆ. ಮಮದಾಪುರ, ಬಬಲೇಶ್ವರ, ತಿಕೋಟಾ ಭಾಗದ ಮನೆಗಳಲ್ಲಿ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಇಂಥ ಕಥೆ ಉಳಿದಿದ್ದರೆ, ಅದನ್ನು ಅವರ ಮಾತಿನಲ್ಲೇ ಬರೆದಿಡಬೇಕು, ಮಕ್ಕಳಿಗೆ ಒಗ್ಗದೆಂದು ಕ್ರೂರವಾದ ಭಾಗವನ್ನು ಕತ್ತರಿಸಬಾರದು.