ತಪ್ಪು ಯಾರದೆಂದು ಕೇಳದ ಪರಿಹಾರ

ರಸ್ತೆ ಅಪಘಾತದಲ್ಲಿ ದುಡಿಯುವ ಕೈಯನ್ನು ಕಳೆದುಕೊಂಡ ಮನೆಯವರಿಗೆ ನಮ್ಮ ಮೋಟಾರು ವಾಹನ ಕಾಯ್ದೆ ಎರಡು ದಾರಿ ಇಟ್ಟಿದೆ. 166ನೇ ಸೆಕ್ಷನ್ನಿನಡಿ ಹೋದರೆ ಎದುರು ವಾಹನದ ಚಾಲಕ ಅಜಾಗರೂಕನಾಗಿದ್ದನೆಂದು ತೋರಿಸಬೇಕು. ತೋರಿಸಿದರೆ ಸತ್ತವರ ವಯಸ್ಸು, ಆದಾಯ, ಅವರನ್ನೇ ನಂಬಿದವರ ಸಂಖ್ಯೆ ನೋಡಿ ನ್ಯಾಯಮಂಡಳಿ ಪರಿಹಾರವನ್ನು ಲೆಕ್ಕ ಹಾಕುತ್ತದೆ. 164ನೇ ಸೆಕ್ಷನ್ನಿನಡಿ ಹೋದರೆ ತಪ್ಪಿನ ಮಾತೇ ಬರುವುದಿಲ್ಲ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ. ಎರಡರಲ್ಲೂ ಸಾಮಾನ್ಯವಾಗಿ ಹಣ ಕೊಡುವುದು ಆ ವಾಹನದ ಥರ್ಡ್ ಪಾರ್ಟಿ ವಿಮೆ. ಈ ಎರಡನೆಯ ದಾರಿ ಯಾರದೋ ಔದಾರ್ಯವಲ್ಲ, ನ್ಯಾಯವೇ ಎಂಬುದು ಇಲ್ಲಿನ ವಾದ. ಅದರ ದೋಷವಿರುವುದು ತತ್ವದಲ್ಲಲ್ಲ, ಮೊತ್ತದಲ್ಲಿ.

ತಪ್ಪನ್ನು ತೋರಿಸುವುದು ಹೇಳಿದಷ್ಟು ಸುಲಭವಲ್ಲ. ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಸಾಕ್ಷ್ಯ ಬೇಡವೆಂದು ನ್ಯಾಯಾಲಯಗಳು ಹೇಳಿದ್ದರೂ, ಎಫ್‌ಐಆರ್, ಸ್ಥಳ ಮಹಜರು, ಕಣ್ಣಾರೆ ಕಂಡವರ ಹೇಳಿಕೆಯಂಥ ಆಧಾರ ಬೇಕೇ ಬೇಕು. ನಡೆಯುತ್ತಿದ್ದವನು ಸತ್ತರೆ ತನ್ನ ಪಕ್ಷದ ಕಥೆ ಹೇಳಲು ಅವನೇ ಇರುವುದಿಲ್ಲ, ಚಾಲಕ ಇರುತ್ತಾನೆ. 1977ರಲ್ಲಿ ಸುಪ್ರೀಂ ಕೋರ್ಟ್, ನಿರ್ಲಕ್ಷ್ಯ ಸಾಬೀತಾಗದೆ ಮಾಲೀಕನ ಮೇಲಾಗಲಿ ವಿಮಾ ಕಂಪನಿಯ ಮೇಲಾಗಲಿ ಹೊಣೆ ಹೊರಿಸಲಾಗದೆಂದು ತೀರ್ಪಿತ್ತಿತು. ಅದರಿಂದ ಬರಿಗೈಯಾಗುವವರ ಕಷ್ಟಕ್ಕೆ ಸಂಸತ್ತು 1982ರಲ್ಲಿ ಉತ್ತರ ಕೊಟ್ಟಿತು: ಹಳೆಯ 1939ರ ಕಾಯ್ದೆಗೆ 92ಎ ಸೇರಿಸಿ, ತಪ್ಪಿನ ವಿಚಾರಣೆ ಇಲ್ಲದೆ ಸಾವಿಗೆ 15,000 ರೂಪಾಯಿ ಕೊಡಿಸಿತು.

ಹೀಗೆ ಕೊಟ್ಟರೆ ಅಡ್ಡಾದಿಡ್ಡಿ ಓಡಿಸುವವನಿಗೆ ಹೆದರಿಕೆಯೇ ಉಳಿಯದು ಎಂಬ ಆಕ್ಷೇಪ ಉಂಟು. ಆದರೆ ಅಜಾಗರೂಕ ಚಾಲನೆಗೆ ಪೊಲೀಸ್ ಕೇಸು, ಜೈಲು, ಲೈಸೆನ್ಸ್ ರದ್ದತಿ ಎಲ್ಲವೂ ಹಾಗೇ ಇವೆ. ತಪ್ಪು ಹುಡುಕುವ ದಾರಿಯಲ್ಲೂ ಪರಿಹಾರ ಕೊಡುವುದು ಬಹುಪಾಲು ವಿಮಾ ಕಂಪನಿಯೇ ಆದ್ದರಿಂದ, ಚಾಲಕನ ಜೇಬಿಗೆ ಅಲ್ಲೂ ಬಿಸಿ ತಟ್ಟುತ್ತಿರಲಿಲ್ಲ. ತಪ್ಪೇ ಮಾಡದ ಮಾಲೀಕ ಏಕೆ ಕೊಡಬೇಕು ಎಂಬುದು ಇನ್ನೂ ಗಟ್ಟಿಯಾದ ಪ್ರಶ್ನೆ. ವಾಹನವನ್ನು ರಸ್ತೆಗಿಳಿಸಿ ಅದರ ಪ್ರಯೋಜನ ಪಡೆಯುವವನು ಅದು ತರುವ ಅಪಾಯದ ಹೊರೆಯನ್ನೂ ಹೊರಬೇಕು. ಆ ಹೊರೆಯನ್ನು ಎಲ್ಲ ಮಾಲೀಕರ ಪ್ರೀಮಿಯಂಗೆ ಹಂಚುವುದಕ್ಕೆಂದೇ ವಿಮೆ ಕಡ್ಡಾಯವಾಗಿದೆ. ಈ ತತ್ವಕ್ಕೆ ಒಂದು ಎಲ್ಲೆಯೂ ಇದೆ. ಇಳಕಲ್ಲಿನಿಂದ ಊರಿಗೆ ಹೊರಟಿದ್ದ, ಎರವಲು ಬೈಕಿನ ಸವಾರನೊಬ್ಬ ಎತ್ತಿನ ಗಾಡಿಗೆ ಡಿಕ್ಕಿ ಹೊಡೆದು ಸತ್ತ ಪ್ರಕರಣದಲ್ಲಿ, ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಅವನು ಥರ್ಡ್ ಪಾರ್ಟಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಸ್ವಂತ ವಾಹನ ಓಡಿಸುವವರು ತಮಗಾಗಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕಾದದ್ದು ಇದಕ್ಕೇ.

ಇನ್ನು ಮೊತ್ತದ ಮಾತು. 1994ರಲ್ಲಿ ಈಗಿನ ಕಾಯ್ದೆಗೆ, ತಪ್ಪು ಯಾರದೆಂದು ಕೇಳದ 163ಎ ಸೆಕ್ಷನ್ ಬಂದು, ವಯಸ್ಸು ಮತ್ತು ಆದಾಯಕ್ಕೆ ತಕ್ಕ ಪಟ್ಟಿ ಸಿದ್ಧವಾಯಿತು. ವರ್ಷಕ್ಕೆ 40,000 ರೂಪಾಯಿಗಿಂತ ಹೆಚ್ಚು ಆದಾಯವಿದ್ದವರಿಗೆ ಅದರಲ್ಲಿ ಜಾಗವಿರಲಿಲ್ಲ. ಜೀವನವೆಚ್ಚ ನೋಡಿ ಪಟ್ಟಿಯನ್ನು ಕಾಲಕಾಲಕ್ಕೆ ತಿದ್ದುವ ಅಧಿಕಾರ ಕೇಂದ್ರ ಸರ್ಕಾರಕ್ಕಿತ್ತು. 24 ವರ್ಷ ಅದು ಹಾಗೇ ಬಿದ್ದಿತ್ತು. 2013ರಲ್ಲಿ ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟೇ ಆ ಪಟ್ಟಿ ಹಳತಾಗಿ ಕೆಲಸಕ್ಕೆ ಬಾರದೆಂದಿತು. ಕೊನೆಗೆ 2018ರಲ್ಲಿ ಪಟ್ಟಿ ಹೋಗಿ ಸಾವಿಗೆ 5 ಲಕ್ಷ ನಿಗದಿಯಾಯಿತು, ಜೊತೆಗೆ ವರ್ಷಕ್ಕೆ ಶೇ. 5ರ ಏರಿಕೆಯೂ ಬಂತು. ಆ ಒಂದು ಸಾಲು ಇಡೀ ವ್ಯವಸ್ಥೆಯ ಅತ್ಯಂತ ವಿವೇಕದ ಸಾಲಾಗಿತ್ತು. 2022ರ ಏಪ್ರಿಲ್ 1ರಂದು ಜಾರಿಗೆ ಬಂದ 164ನೇ ಸೆಕ್ಷನ್ 5 ಲಕ್ಷವನ್ನು ಉಳಿಸಿಕೊಂಡಿತು, ಏರಿಕೆಯನ್ನು ಕೈಬಿಟ್ಟಿತು. ಬೆಲೆಗಳು ಏರುತ್ತಲೇ ಇರುವಾಗ ನಿಂತಲ್ಲೇ ನಿಂತ ಪರಿಹಾರ ವರ್ಷವರ್ಷವೂ ಕುಗ್ಗುತ್ತದೆ. ಆಗ ಬಡ ಮನೆಯವರೂ ಹೆಚ್ಚು ಹಣದ ಆಸೆಗೆ ಮತ್ತೆ ಸಾಕ್ಷಿ ಹುಡುಕುತ್ತ 166ರ ದಾರಿಗೇ ಬೀಳಬೇಕಾಗುತ್ತದೆ. ಸಂಸತ್ತು ಆ ಶೇ. 5ರ ಏರಿಕೆಯನ್ನು 164ನೇ ಸೆಕ್ಷನ್ನಿನೊಳಗೇ ಮರಳಿ ಬರೆಯಬೇಕು.